ಪೂಂಡಿಯ ಗೇಟು ತೆರೆದರೆ ಎಣ್ಣೂರಿಗೆ ಕೊಡುವಾ

ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಚೆನ್ನೈನ ಟಿವಿ ವಾಹಿನಿಗಳ ಕೆಳಪಟ್ಟಿಯಲ್ಲಿ ಒಂದು ಸುದ್ದಿ ಆಗಾಗ ಓಡುತ್ತದೆ. ಪೂಂಡಿ ಜಲಾಶಯದಿಂದ ಇಷ್ಟು ಸಾವಿರ ಕ್ಯೂಸೆಕ್ ಹೆಚ್ಚುವರಿ ನೀರು ಬಿಡಲಾಗಿದೆ, ಕೊಸಸ್ತಲೈ ನದಿಯ ದಂಡೆಯ ಜನ ಎಚ್ಚರದಿಂದಿರಬೇಕು. ಆಫೀಸಿನಲ್ಲಿ ಉಳಿದವರೆಲ್ಲ ತಮ್ಮ ಬಡಾವಣೆಗೆ ನೀರು ನುಗ್ಗುತ್ತದೆಯೇ ಎಂಬ ಚಿಂತೆಯಲ್ಲಿದ್ದರೆ, ನಾನು ಗಾಳದ ಪೆಟ್ಟಿಗೆಯಲ್ಲಿ ಸೀಸದ ಗುಂಡು ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕುತ್ತಿರುತ್ತೇನೆ. ಪೂಂಡಿಯಲ್ಲಿ ಬಿಟ್ಟ ನೀರು ಹರಿದು ಬಂದು ಸಮುದ್ರ ಸೇರುವುದು ಎಣ್ಣೂರಿನಲ್ಲಿ. ಆ ಕೆಂಪು ನೀರು ಅಳಿವೆ ಬಾಗಿಲಿಗೆ ಬಂದು ಮುಟ್ಟಿತೆಂದರೆ ಕೊಡುವಾ ಮೀನು ದಂಡೆಯ ಸಮೀಪಕ್ಕೆ ಬಂತು ಎಂದೇ ಅರ್ಥ.

ನಾನಿರುವುದು ಅಂಬತ್ತೂರಿನಲ್ಲಿ. 1964ರಲ್ಲಿ ಶುರುವಾದ ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದೇ ದಿನದ ದುಡಿಮೆ. ಊರು ಕುಮಟಾ ತಾಲ್ಲೂಕು, ಅಘನಾಶಿನಿಯ ದಂಡೆ. ಹಾಗಾಗಿ ಅಳಿವೆ, ಗಜನಿ, ಬಳಚು, ಶೆಟ್ಲಿ ಇವೆಲ್ಲ ನನಗೆ ಪುಸ್ತಕದ ಪದಗಳಲ್ಲ. ಶಾಲೆಯಿಂದ ಬಂದು ಪಾಟಿಚೀಲ ಎಸೆದು ಗಾಳ ಹಿಡಿದು ಓಡಿದವರ ಪೈಕಿ ನಾನೂ ಒಬ್ಬ. ಚೆನ್ನೈಗೆ ಬಂದ ಹೊಸತರಲ್ಲಿ ಭಾಷೆ, ಬಿಸಿಲು, ನೀರಿನ ಲಾರಿ ಎಲ್ಲಕ್ಕೂ ಬೇಗ ಹೊಂದಿಕೊಂಡೆ. ಹೊಂದಿಕೊಳ್ಳಲು ತಡವಾಗಿದ್ದು ಸಮುದ್ರದ ಪಂಚಾಂಗಕ್ಕೆ.

ಕರಾವಳಿಯ ಓದುಗರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮಲ್ಲಿ ಮೃಗಶಿರಾ ಮಳೆ ಬಿದ್ದರೆ ಹೊಳೆ ಕೆಂಪಾಗುತ್ತದೆ, ಅಳಿವೆ ಅಗಲವಾಗುತ್ತದೆ, ಮಲೆನಾಡಿನಲ್ಲಿ ಹತ್ತುಮೀನು ಗದ್ದೆಗೆ ಏರುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಸ್ವಾತಿ ಮಳೆ ಹೊತ್ತಿಗೆ ಎಲ್ಲ ತಣ್ಣಗಾಗಿ ಜನ ಕೊಯ್ಲಿನ ಗಡಿಬಿಡಿಯಲ್ಲಿರುತ್ತಾರೆ. ಇಲ್ಲಿ ಸ್ವಾತಿಯಲ್ಲೇ ಎಲ್ಲ ಶುರು. ಈಶಾನ್ಯ ಮಾರುತ ಕಾಲಿಡುವುದು ಹೆಚ್ಚುಕಡಿಮೆ ಅಕ್ಟೋಬರ್ 20ರ ಸುತ್ತ. ತಮಿಳರ ಐಪ್ಪಸಿ, ಕಾರ್ತಿಗೈ ತಿಂಗಳುಗಳೇ ಇಲ್ಲಿನ ಆಷಾಢ, ಶ್ರಾವಣ. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡೂವರೆ ತಿಂಗಳಲ್ಲಿ ಸುರಿದುಹೋಗುತ್ತದೆ. ದೋಣಿಗಳಿಗೆ ನಿಷೇಧ ಬರುವುದು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಊರಲ್ಲಿ ಆಯಿ ‘ಈಗ ಮೀನಿಲ್ಲ ಮಾರಾಯ, ಒಣಮೀನೇ ಗತಿ’ ಎಂದು ಫೋನಿನಲ್ಲಿ ಹೇಳುವ ಜುಲೈನಲ್ಲಿ ಇಲ್ಲಿ ಕಾಸಿಮೇಡು ಮಾರುಕಟ್ಟೆ ತುಂಬಿರುತ್ತದೆ. ಒಂದೇ ಮೀನಿಗೆ ಎರಡು ಕರಾವಳಿಯಲ್ಲಿ ಎರಡು ಮಳೆಗಾಲ.

ಕೊಡುವಾ ಎಂದರೆ ಯಾವ ಮೀನು ಎಂದು ಕೇಳುವವರಿಗೆ: ಗೋವಾ, ಕಾರವಾರದ ಕಡೆಯ ಚೊಣಕ್. ಕೇರಳದಲ್ಲಿ ಕಾಳಾಂಜಿ, ಮರಾಠಿಯಲ್ಲಿ ಜಿತಾಡಾ, ಕೋಲ್ಕತ್ತದ ಕನ್ನಡಿಗರು ಹೋಟೆಲಿನಲ್ಲಿ ತಿನ್ನುವ ಭೇಟ್ಕಿ. ಆಸ್ಟ್ರೇಲಿಯಾದಲ್ಲಿರುವವರು ಬಾರಾಮುಂಡಿ ಎಂಬ ಹೆಸರು ಕೇಳಿಯೇ ಇರುತ್ತೀರಿ, ಅದೂ ಇದೇ. ಬೆಳ್ಳಿ ಮೈ, ಗೂನು ಬೆನ್ನು, ಮುಂದಕ್ಕೆ ಚಾಚಿದ ಕೆಳದವಡೆ. ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಕಚ್ಚುವ ಜಾತಿಯದಲ್ಲ, ಬಾಯಿ ತೆರೆದು ಎರೆಯನ್ನು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಕತ್ತಲಲ್ಲಿ ಆ ಸದ್ದು ಖಾಲಿ ಬಕೆಟನ್ನು ಬಾವಿಗೆ ಬೋರಲಾಗಿ ಬಿಟ್ಟ ಹಾಗೆ ಕೇಳಿಸುತ್ತದೆ.

ಇದರ ಬದುಕಿನ ಕಥೆ ಗೊತ್ತಾದ ಮೇಲೆ ನನಗೆ ಗಾಳ ಹಾಕುವ ಆಟವೇ ಬೇರೆಯಾಗಿ ಕಂಡಿತು. ಕೊಡುವಾ ಬೆಳೆಯುವುದು ಹಿನ್ನೀರು, ಕೆರೆ, ನದಿಯ ಸಿಹಿನೀರಿನಲ್ಲಿ. ಮೊಟ್ಟೆ ಇಡಲು ಉಪ್ಪುನೀರೇ ಬೇಕು, ಹಾಗಾಗಿ ಮಳೆಗಾಲದ ನೆರೆಯ ಜೊತೆ ಕೆಳಗಿಳಿದು ಅಳಿವೆಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಉಬ್ಬರ ಏರುವ ಹೊತ್ತು ನೋಡಿ ಮೊಟ್ಟೆ ಬಿಡುತ್ತದೆ. ಏರುವ ನೀರು ಮೊಟ್ಟೆ, ಮರಿಗಳನ್ನು ಹಿನ್ನೀರಿನೊಳಗೆ ಒಯ್ದು ಹಾಕುತ್ತದೆ. ಇನ್ನೂ ವಿಚಿತ್ರವೆಂದರೆ ಇದು ಮೊದಲು ಗಂಡಾಗಿ ಬಲಿಯುತ್ತದೆ. ಮೂರು ನಾಲ್ಕು ವರ್ಷಕ್ಕೆ ಗಂಡು. ಕೆಲವು ವರ್ಷ ಗಂಡಾಗಿ ಬಾಳಿ, ಸುಮಾರು 85ರಿಂದ 100 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುವ ಹೊತ್ತಿಗೆ ಹೆಣ್ಣಾಗಿ ಬದಲಾಗುತ್ತದೆ. ಅಂಥ ಒಂದು ಹೆಣ್ಣು ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ. ಹಾಗಾದರೆ ಮೀನುಗಾರನ ಜೊತೆ ಫೋಟೊದಲ್ಲಿ ನಿಲ್ಲುವ ಪ್ರತಿಯೊಂದು ಭಾರಿ ಕೊಡುವಾ ಹೆಚ್ಚುಕಡಿಮೆ ತಾಯಿಯೇ.

ದೇಶದಲ್ಲಿ ಮೊದಲ ಬಾರಿಗೆ ಕೊಡುವಾವನ್ನು ತೊಟ್ಟಿಯಲ್ಲಿಟ್ಟು ಮರಿ ಮಾಡಿಸಿದ್ದೂ ಇದೇ ಚೆನ್ನೈನಲ್ಲಿ, 1997ರಲ್ಲಿ. ಮಾಡಿದ್ದು ಸೀಬಾ ಎಂದು ಕರೆಯುವ ಕೇಂದ್ರ ಸರ್ಕಾರದ ಹಿನ್ನೀರು ಜಲಕೃಷಿ ಸಂಶೋಧನಾ ಸಂಸ್ಥೆ. ಅದರ ಪ್ರಾಯೋಗಿಕ ಕೇಂದ್ರ ಮುಟ್ಟುಕಾಡಿನಲ್ಲಿದೆ, ಪುದುಚೇರಿಗೆ ಕಾರಿನಲ್ಲಿ ಹೋಗುವವರು ದೋಣಿಮನೆ ನೋಡುತ್ತಾ ದಾಟಿಬಿಡುವ ಜಾಗ. ಈಗ ಪೇಟೆಯಲ್ಲಿ ಸಿಗುವ ಒಂದು ಕಿಲೋ ತೂಕದ, ಒಂದೇ ಅಳತೆಯ ಕೊಡುವಾಗಳಲ್ಲಿ ಸಾಕಿದವೂ ಸಾಕಷ್ಟಿವೆ. ಸಾಕಿದ್ದಕ್ಕೂ ಹೊಳೆಯದ್ದಕ್ಕೂ ರುಚಿಯಲ್ಲಿ ವ್ಯತ್ಯಾಸವಿಲ್ಲ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಅವರ ಮನೆಯಲ್ಲಿ ಊಟಕ್ಕೂ ಕೂರುವುದಿಲ್ಲ.

ಅಂಬತ್ತೂರಿನಿಂದ ಎಣ್ಣೂರಿಗೆ ಮಾಧವರಂ, ಮಣಲಿ ದಾಟಿ ಬೈಕಿನಲ್ಲಿ ಒಂದು ಗಂಟೆ, ಕಂಟೇನರ್ ಲಾರಿಗಳ ಸಾಲು ಸಿಕ್ಕಿದರೆ ಎರಡು. ದಾರಿ ಚೆಂದವೇನಲ್ಲ. ಮಣಲಿಯಲ್ಲಿ ಮೂಗು ಮುಚ್ಚಿಕೊಳ್ಳಬೇಕು. ಅಳಿವೆಯ ಒಂದು ಕಡೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು, ಉತ್ತರಕ್ಕೆ ಕಾಮರಾಜರ್ ಬಂದರು, ದಕ್ಷಿಣದ ದಂಡೆಯುದ್ದಕ್ಕೂ ಕೊರೆತ ತಡೆಯಲು ಸಮುದ್ರದೊಳಕ್ಕೆ ಚಾಚಿದ ಕಲ್ಲುರಾಶಿಗಳು. ಗೋಕರ್ಣದ ಓಂ ಬೀಚಿನ ಚಿತ್ರ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇದು ಸಮುದ್ರ ತೀರ ಅನ್ನಿಸುವುದೇ ಕಷ್ಟ. ಆದರೆ ಮೀನಿಗೆ ನೋಟದ ಚಿಂತೆಯಿಲ್ಲ. ನದಿ, ಬಕಿಂಗ್‌ಹ್ಯಾಮ್ ಕಾಲುವೆ, ಸಮುದ್ರ ಮೂರೂ ಕೂಡುವ ಜಾಗ ಅದಕ್ಕೆ ಬೇಕು. ಕಾಲುವೆಯ ನೀರು ಉತ್ತರಕ್ಕೆ ಪಳವೇರ್ಕಾಡು ಸರೋವರದವರೆಗೂ ಹೋಗುತ್ತದೆ.

ಕೊಡುವಾ ಒಂದೇ ಬರುವುದಿಲ್ಲ. ಅದಕ್ಕಿಂತ ಮೊದಲು ಮಡವೈ ಚಲಿಸುತ್ತದೆ, ಕೊಂಕಣಿಯಲ್ಲಿ ಶೆವಟೆ ಎನ್ನುತ್ತಾರಲ್ಲ, ಆ ಬೂದು ಬಣ್ಣದ, ನೀರಿನಿಂದ ಚಂಗನೆ ಹಾರುವ ಮೀನು. ಅದಕ್ಕೂ ಈ ತಿಂಗಳುಗಳಲ್ಲೇ ಸಮುದ್ರಕ್ಕಿಳಿದು ಮೊಟ್ಟೆ ಇಡಬೇಕು. ನೆರೆ ಬಂದ ಕೂಡಲೇ ಹಿಂಡುಹಿಂಡಾಗಿ ಅಳಿವೆ ಬಾಗಿಲಿನ ಕಡೆ ಬರುತ್ತದೆ. ಕಾದು ನಿಂತ ಕೊಡುವಾಕ್ಕೆ ಹಬ್ಬ. ಬೆಳಗಿನ ಜಾವ ದಂಡೆಯಲ್ಲಿ ನಿಂತರೆ ಮಡವೈ ಹಿಂಡು ಒಮ್ಮೆಲೇ ಮಳೆ ಬಿದ್ದ ಹಾಗೆ ನೀರಿನ ಮೇಲೆ ಚೆದುರುವುದು ಕಾಣುತ್ತದೆ. ಗಾಳ ಬೀಳಬೇಕಾದ್ದು ಆ ಚೆದುರಿದ ಜಾಗದ ನಡುವಿಗಲ್ಲ, ಅದರ ಅಂಚಿಗೆ.

ಇದನ್ನೆಲ್ಲ ನನಗೆ ಕಲಿಸಿದ್ದು ಅಲ್ಲಿನ ಒಬ್ಬ ಮೀನುಗಾರ ಅಣ್ಣ. ವಯಸ್ಸು ಅರವತ್ತರ ಮೇಲಿದೆ, ಬೀಸುಬಲೆಯನ್ನು ಈಗಲೂ ಪೂರ್ತಿ ದುಂಡಾಗಿ ಹರಡುವಂತೆ ಎಸೆಯುತ್ತಾರೆ. ಮೊದಲೆರಡು ತಿಂಗಳು ನಾನು ಅವರಿಗೆ ‘ಸಾರ್’ ಆಗಿದ್ದೆ. ಒಂದು ದಿನ ಅವರ ಹರಿದ ಬಲೆಗೆ ಊರಿನ ಗಂಟು ಹಾಕಿಕೊಟ್ಟ ಮೇಲೆ ‘ತಂಬಿ’ ಆದೆ. ಗಾಳಿ, ನೀರಿನ ಸೆಳೆತ ಪ್ರತಿಯೊಂದಕ್ಕೂ ಇಲ್ಲಿನವರ ಹತ್ತಿರ ಹೆಸರಿದೆ. ಉತ್ತರದಿಂದ ಬೀಸುವುದು ವಾಡೈ. ದಕ್ಷಿಣದಿಂದ ಉತ್ತರಕ್ಕೆ ಓಡುವ ಸೆಳೆತ ತೆಂಡಿ, ಉತ್ತರದಿಂದ ದಕ್ಷಿಣಕ್ಕೆ ಬರುವುದು ವಣ್ಣಿ. ಬೇಸಿಗೆಯಿಡೀ ತೆಂಡಿ ಇದ್ದು, ಐಪ್ಪಸಿಯಲ್ಲಿ ಅದು ತಿರುಗಿ ವಣ್ಣಿಯಾಗಬೇಕು. ಅಲ್ಲಿಯವರೆಗೆ ಎಷ್ಟು ಮಳೆ ಬಿದ್ದರೂ ಅಣ್ಣ ಗಾಳ ತೆಗೆಯುವುದಿಲ್ಲ. ನನ್ನ ಮೊಬೈಲಿನಲ್ಲಿ ಗಾಳಿ, ಅಲೆ ತೋರಿಸುವ ಮೂರು ಆ್ಯಪ್‌ಗಳಿವೆ. ಅವರು ಒಂದು ತೆಂಗಿನ ಚಿಪ್ಪು ನೀರಿಗೆಸೆದು ಅದು ಯಾವ ಕಡೆ ಹೋಯಿತು ಎಂದು ನೋಡುತ್ತಾರೆ, ಆಮೇಲೆ ಬೀಡಿ ಹಚ್ಚುತ್ತಾರೆ.

ಬಂದರಿನಲ್ಲಿ ಚಂಡಮಾರುತದ ಎಚ್ಚರಿಕೆಯ ‘ಕೂಂಡು’ ಏರಿಸಿರುವಾಗ ದಂಡೆಗೆ ಹೋಗುವ ಪ್ರಶ್ನೆಯೇ ಇಲ್ಲ. ಅದು ಇಳಿದ ಮೇಲಿನ ಎರಡು ಮೂರು ದಿನವೇ ನಿಜವಾದ ಸಮಯ. ನೀರು ಹಾಲು ಕಮ್ಮಿಯಾದ ಚಹಾದ ಬಣ್ಣಕ್ಕೆ ಬರಬೇಕು. ಪೂರ್ತಿ ಕೆಸರಾದರೆ ಮೀನಿಗೆ ಎರೆ ಕಾಣದು, ತಿಳಿಯಾದರೆ ದಾರ ಕಾಣುತ್ತದೆ. ನನ್ನದು ಹನ್ನೊಂದು ಅಡಿಯ ರಾಡ್, ಹೆಣೆದ ದಾರ, ಅದರ ತುದಿಗೆ ಒಂದು ಮಾರು ದಪ್ಪ ನೈಲಾನ್. ಕೊಡುವಾದ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ತೆಳು ದಾರವಾದರೆ ತಲೆ ಕೊಡವಿದ ಒಂದೇ ಏಟಿಗೆ ಕತ್ತರಿಸಿ ಹೋಗುತ್ತದೆ. ಎರೆಗೆ ಅಂಗೈ ಉದ್ದದ ಜೀವಂತ ಮಡವೈ. ಅಣ್ಣನಿಗೆ ರಾಡ್ ಬೇಡ. ಒಂದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ತಂಗೂಸಿ, ಬೆರಳೇ ರೀಲು. ಇಲ್ಲಿನ ಉಬ್ಬರ ಇಳಿತ ನಮ್ಮೂರಿನದಕ್ಕೆ ಹೋಲಿಸಿದರೆ ಅರ್ಧದಷ್ಟು. ಹಾಗಾಗಿ ನೀರು ತಿರುಗುವ ಆ ಅರ್ಧ ಮುಕ್ಕಾಲು ಗಂಟೆ ತಪ್ಪಿತೆಂದರೆ ಆ ದಿನಕ್ಕೆ ಮುಗಿಯಿತು.

ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿದೆ. ಮೂರು ಕಿಲೋಗಿಂತ ದೊಡ್ಡದು ನನ್ನ ಗಾಳಕ್ಕೆ ಬಿದ್ದರೆ ಅದನ್ನು ಅಣ್ಣನ ಹೆಂಡತಿ ಮಾರುತ್ತಾರೆ, ಬಂದ ಹಣದಲ್ಲಿ ಅರ್ಧ ಅವರದು. ಚಿಕ್ಕದು ನನ್ನ ಮನೆಗೆ. ಬಾಯಿಮಾತಿನ ಒಪ್ಪಂದ, ಅಷ್ಟೇ.

ಕಳೆದ ಕಾರ್ತಿಗೈ ಅಮಾವಾಸ್ಯೆಗೆ ಒಂದು ದಿನ ಮುಂಚೆ, ಬೆಳಗಿನ ಜಾವ ನಾಲ್ಕೂವರೆ. ಇಳಿತ ಮುಗಿದು ನೀರು ನಿಂತಿತ್ತು. ಗಾಳ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ರಾಡ್ ಬಾಗಿತು, ದಾರ ಅಳಿವೆಯ ಒಳಗಡೆಗೆ ಓಡತೊಡಗಿತು. ಹೊರಗೆ ಸಮುದ್ರದ ಕಡೆ ಓಡಿದ್ದರೆ ಕಲ್ಲಿಗೆ ಉಜ್ಜಿ ಹರಿಯುತ್ತಿತ್ತು. ಮೊದಲ ಜಿಗಿತದಲ್ಲೇ ಅಣ್ಣ ಬೀಡಿ ಎಸೆದು ಎದ್ದರು. ಎರಡನೆಯದಕ್ಕೆ ಅವರ ಬಾಯಿಂದ ಒಂದು ಬೈಗುಳ ಬಂತು, ಅದು ಮೆಚ್ಚುಗೆಯ ಬೈಗುಳ. ಇಪ್ಪತ್ತು ನಿಮಿಷ ಅದು ಎಳೆದಾಗ ಬಿಟ್ಟು, ನಿಂತಾಗ ಸುತ್ತಿ, ಮೊಣಕಾಲು ನೀರಿನಲ್ಲಿ ಆಚೆ ಈಚೆ ನಡೆದಿದ್ದಾಯಿತು. ಕೊನೆಗೆ ಅಣ್ಣ ಸೊಂಟದವರೆಗೆ ನೀರಿಗಿಳಿದು, ಒದ್ದೆ ಲುಂಗಿಯನ್ನು ಅದರ ಹೊಟ್ಟೆಯ ಕೆಳಗೆ ಹಾಕಿ, ಮಗುವನ್ನು ಎತ್ತಿದ ಹಾಗೆ ತಬ್ಬಿಕೊಂಡು ದಂಡೆಯ ಆಳವಿಲ್ಲದ ನೀರಿಗೆ ತಂದರು.

ಟೇಪು ಹಿಡಿದೆ. 96 ಸೆಂಟಿಮೀಟರ್. ತೂಕ ಹಾಕಲಿಲ್ಲ, ಹತ್ತು ಕಿಲೋಗೆ ಕಮ್ಮಿಯಂತೂ ಇರಲಾರದು. ಹೊಟ್ಟೆ ಬಿಗಿದು ಉಬ್ಬಿತ್ತು. ‘ಸಿನೈ’ ಎಂದರು ಅಣ್ಣ. ಮೊಟ್ಟೆ ತುಂಬಿದೆ.

ಅದನ್ನು ಬಿಡಬೇಕೆಂದು ನನಗೆ ಅನ್ನಿಸಿತ್ತು. ಆದರೆ ಅದು ಬರೀ ನನ್ನ ಮೀನಲ್ಲ. ತಿಂಗಳ ಸಂಬಳ ಬ್ಯಾಂಕಿಗೆ ಬೀಳುವವನು, ದಿನದ ಸಂಪಾದನೆ ಬುಟ್ಟಿಗೆ ಬೀಳಬೇಕಾದವನ ಪಾಲನ್ನು ನೀರಿಗೆ ಬಿಟ್ಟು ಪ್ರಕೃತಿಪ್ರೇಮಿ ಎನ್ನಿಸಿಕೊಳ್ಳುವುದು ಸುಲಭ. ಹಾಗಾಗಿ ಕೇಳಿದೆ. ‘ಅಣ್ಣೇ, ಅರ್ಧ ನಿಮ್ಮದು. ಏನು ಮಾಡೋಣ?’

ಅವರು ತಕ್ಷಣ ಉತ್ತರ ಕೊಡಲಿಲ್ಲ. ಮೀನಿನ ತಲೆಯನ್ನು ನೀರು ಬರುವ ದಿಕ್ಕಿಗೆ ತಿರುಗಿಸಿ ಹಿಡಿದು ಕೂತಿದ್ದರು, ಕಿವಿರು ಆಡುತ್ತಿತ್ತು. ‘ಎಣ್ಣೆ ಬಂದ ವರ್ಷದ ಮೇಲೆ ಇಷ್ಟು ದೊಡ್ಡದು ಇಲ್ಲಿ ನೋಡಿಲ್ಲ’ ಎಂದರು. ಆಮೇಲೆ, ‘ಇದು ನಾಲ್ಕು ದಿನದ ಖರ್ಚು, ತಂಬಿ.’ ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿಡು. ಆದರೆ ಮುಂದೆ ಬೀಳುವ ಮೀನು ಪೂರ್ತಿ ನನ್ನದು. ಇನ್ನೊಂದು, ಇದೇ ನಾಳೆ ನನ್ನ ಬಲೆಗೆ ಬಂದರೆ ಬಿಡು ಎಂದು ನೀನು ಹೇಳುವ ಹಾಗಿಲ್ಲ.’

ಒಪ್ಪಿದೆ. ಕೈ ಸಡಿಲಿಸಿದರು. ಅದು ಒಂದು ಕ್ಷಣ ಅಲ್ಲೇ ನಿಂತು, ಬಾಲದಿಂದ ನಮ್ಮಿಬ್ಬರ ಮುಖಕ್ಕೂ ನೀರು ಹೊಡೆದು ಹೋಯಿತು.

ನ್ಯೂಜೆರ್ಸಿಯಲ್ಲಿರುವ ನನ್ನ ಭಾವ ಈ ಕಥೆ ಕೇಳಿ ನಕ್ಕ. ಅವನದೂ ಇದೇ ಹುಚ್ಚು, ನಮ್ಮ ಕಾರ್ತಿಕ ಮಾಸದ ಹೊತ್ತಿಗೇ. ಅಲ್ಲಿನ ಪಟ್ಟೆ ಬಾಸ್ ಮೀನುಗಳು ಚಳಿ ಹತ್ತಿರವಾದಂತೆ ಅಟ್ಲಾಂಟಿಕ್ ದಂಡೆಗುಂಟ ದಕ್ಷಿಣಕ್ಕೆ ವಲಸೆ ಹೋಗುತ್ತವೆ, ಜನ ಕೈ ಮರಗಟ್ಟುವ ಚಳಿಯಲ್ಲಿ ಅಲೆಯ ನಡುವೆ ನಿಂತು ಗಾಳ ಎಸೆಯುತ್ತಾರೆ. ‘ನಮ್ಮಲ್ಲಿ ಇಷ್ಟು ಚರ್ಚೆಯೇ ಇಲ್ಲ, 28ರಿಂದ 31 ಇಂಚಿನೊಳಗಿದ್ದರೆ ಒಂದು ಇಟ್ಟುಕೋ, ಉಳಿದದ್ದು ಬಿಡು’ ಎಂದ. ಆ ನಿಯಮ ಸುಮ್ಮನೆ ಬಂದದ್ದಲ್ಲ. ಮಿತಿಮೀರಿ ಹಿಡಿದು 1980ರ ದಶಕದಲ್ಲಿ ಆ ಮೀನಿನ ಸಂತತಿಯೇ ಕುಸಿದು, ಮೇರಿಲ್ಯಾಂಡ್ ರಾಜ್ಯ 1985ರಿಂದ ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಂತೂ ನಮ್ಮ ಕೊಡುವಾಕ್ಕೇ ಕಾನೂನಿದೆ. ಪೂರ್ವ ಕರಾವಳಿಯಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ 120ಕ್ಕಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ, ಮೊಟ್ಟೆ ಇಡುವ ಕಾಲದಲ್ಲಿ ನವೆಂಬರ್ 1ರಿಂದ ಫೆಬ್ರುವರಿ 1ರವರೆಗೆ ಹಿಡಿಯುವಂತೆಯೇ ಇಲ್ಲ.

ಎಣ್ಣೂರಿನಲ್ಲಿ ಟೇಪು ಹಿಡಿದು ಕೇಳುವವರು ಯಾರೂ ಎದುರಾಗಿಲ್ಲ. ಬಂದರೂ ಮೊದಲು ಅಳೆಯಬೇಕಾದ್ದು ಅಣ್ಣನ ಬುಟ್ಟಿಯನ್ನಲ್ಲ ಎನ್ನುವುದು ನನ್ನ ಅಭಿಪ್ರಾಯ. ‘ಎಣ್ಣೆ ಬಂದ ವರ್ಷ’ ಎಂದು ಅವರು ಹೇಳಿದ್ದು 2023ನ್ನು. ಆ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿದಾಗ ಮಣಲಿಯ ಕೈಗಾರಿಕಾ ಪ್ರದೇಶದಿಂದ ಎಣ್ಣೆ ನೆರೆನೀರಿನ ಜೊತೆ ಬಕಿಂಗ್‌ಹ್ಯಾಮ್ ಕಾಲುವೆಗಿಳಿದು ಎಣ್ಣೂರು ಅಳಿವೆಯನ್ನು ಆವರಿಸಿತು. ಮನೆಯ ಗೋಡೆ, ದೋಣಿ, ಬಲೆ, ಕಾಂಡ್ಲಾ ಗಿಡದ ಬುಡ ಎಲ್ಲ ಕಪ್ಪು. ಹೆಜ್ಜಾರ್ಲೆ ಹಕ್ಕಿಗಳು ರೆಕ್ಕೆಗೆ ಎಣ್ಣೆ ಮೆತ್ತಿಕೊಂಡು ನಿಂತಿದ್ದ ಚಿತ್ರಗಳನ್ನು ನೀವೂ ನೋಡಿರಬಹುದು. ಮೀನುಗಾರರೇ ಮಗ್ಗು, ಬಕೆಟ್ ಹಿಡಿದು ಎಣ್ಣೆ ಮೊಗೆದು ಡ್ರಮ್ಮಿಗೆ ತುಂಬಿದರು. ಕೊಡುವಾ ಅಳಿವೆಗೆ ಬರುವ ತಿಂಗಳೂ ಅದೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೂ ಮುಂಚೆ, 2017ರ ಜನವರಿ 28ರಂದು, ಬಂದರಿನ ಹೊರಗೆ ಎರಡು ಹಡಗು ಡಿಕ್ಕಿಯಾಗಿಯೂ ಇದೇ ದಂಡೆಗೆ ಎಣ್ಣೆ ಬಂದಿತ್ತು.

ಮಳೆ ಬಂದಾಗ ಮೀನು ಇಳಿಯುವ ದಾರಿಯಲ್ಲೇ ಊರಿನ ಕೊಳೆಯೂ ಇಳಿಯುತ್ತದೆ. ಅಂಬತ್ತೂರು ಕೆರೆ ತುಂಬಿದರೆ ಕೋಡಿ ನೀರು ಕೊರಟ್ಟೂರು ಕೆರೆಗೆ ಹೋಗುತ್ತದೆ, ಅಲ್ಲಿಂದ ರೆಟ್ಟೇರಿಗೆ. ಪುಳಲ್ ಕೆರೆಯ ಹೆಚ್ಚುವರಿ ನೀರು ಮಣಲಿ ದಾಟಿ ಎಣ್ಣೂರು ಸೇರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಕಟಿಂಗ್ ಆಯಿಲ್ ಬಳಸದ ಯಂತ್ರವಿಲ್ಲ. ಮಳೆಗಾಲಕ್ಕೆ ಮುಂಚೆ ಎಣ್ಣೆಯ ಹಳ್ಳ, ಚರಂಡಿಯ ತಡೆ, ಡ್ರಮ್ ಇಡುವ ಕಟ್ಟೆ ಇವುಗಳ ತಪಾಸಣೆ ನನ್ನ ವಿಭಾಗದ್ದಲ್ಲದಿದ್ದರೂ ಎರಡು ವರ್ಷದಿಂದ ಕೇಳಿ ಪಡೆದುಕೊಂಡಿದ್ದೇನೆ. ಸಹೋದ್ಯೋಗಿಗಳಿಗೆ ಇದು ಬಡ್ತಿಯ ಆಸೆ ಎಂಬ ಗುಮಾನಿ.

ಚೆನ್ನೈನಲ್ಲಿರುವ ಕನ್ನಡಿಗರು ಯಾರಾದರೂ ಈ ಸಲ ಗಾಳ ಹಿಡಿದು ಹೊರಡುವುದಾದರೆ ಒಬ್ಬರೇ ಕಲ್ಲಿನ ಮೇಲೆ ನಿಲ್ಲಬೇಡಿ, ಪಾಚಿ ಕಟ್ಟಿದ ಕಲ್ಲು ಊರಿನ ಹಾಸುಗಲ್ಲಿಗಿಂತ ಜಾರುತ್ತದೆ. ಮೊದಲು ಒಂದು ವಾರ ಬರೀ ನೋಡಿ. ಅಲ್ಲಿನವರ ಬಲೆಯ ದಾರಿಗೆ ಗಾಳ ಎಸೆಯಬೇಡಿ.

ಆ ದೊಡ್ಡದು ಹೋದ ಮೂರನೇ ದಿನ ನನ್ನ ಗಾಳಕ್ಕೆ ನಾಲ್ಕು ಕಿಲೋದ ಒಂದು ಗಂಡು ಬಿತ್ತು. ಮಾತಿನಂತೆ ಪೂರ್ತಿ ಅಣ್ಣನಿಗೆ. ಅವರ ಹೆಂಡತಿ ಅದನ್ನು ಮಾರಲಿಲ್ಲ. ಮಗಳು ಬಾಣಂತನಕ್ಕೆ ಬಂದಿದ್ದಳಂತೆ, ಕುಳಂಬು ಮಾಡಿದರು. ನನಗೂ ಒಂದು ಡಬ್ಬಿ ಬಂತು, ಹುಣಸೆಹುಳಿಯ ಜೊತೆ ಮಾವಿನಕಾಯಿ ಹೋಳು ಹಾಕಿದ್ದು. ಆಯಿಗೆ ಫೋನಿನಲ್ಲಿ ರುಚಿ ವರ್ಣಿಸಿದೆ. ‘ಜುಮ್ಮನಕಾಯಿ ಹಾಕಿದ್ದರಾ?’ ಎಂದು ಕೇಳಿದಳು. ಇಲ್ಲ ಎಂದೆ. ‘ಹಾಗಾದರೆ ಮುಂದಿನ ಸಲ ಬರುವಾಗ ತಕ್ಕೊಂಡು ಹೋಗಿ ಅವಳಿಗೆ ಕೊಡು’ ಎಂದಳು.